ನಿಂತರೆ ಮಡಿಲಿಲ್ಲ

ಜನವರಿ ೧೧, ಶನಿವಾರ

ಇವತ್ತು ನನ್ನ ಬೆನ್ನೆಲುಬನ್ನು ಕಣ್ಣಾರೆ ನೋಡಿದೆ. ಸ್ಕ್ಯಾನಿಂಗ್‌ನವರು ಕೊಟ್ಟ ಕಪ್ಪು ಹಾಳೆಯನ್ನು ಮೂಳೆ ಡಾಕ್ಟರು ದೀಪದ ಹಲಗೆಗೆ ಸಿಕ್ಕಿಸಿದರು. ಅಬ್ಬಬ್ಬಾ! ದಾರದ ರೀಲುಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಮೂಳೆಗಳು, ಅವುಗಳ ಹಿಂದೆ ಉದ್ದಕ್ಕೂ ಒಂದು ಹುರಿ. ಐವತ್ತಮೂರು ವರ್ಷ ಇದನ್ನು ಹೊತ್ತು ಓಡಾಡಿದ್ದೀನಿ, ಒಂದು ದಿನವಾದರೂ ಮುಖ ನೋಡಿರಲಿಲ್ಲ. ಡಾಕ್ಟರು ಏನೇನೋ ಹೇಳುತ್ತಿದ್ದರು, ನಾನು ಬಾಯಿ ಬಿಟ್ಟುಕೊಂಡು ನೋಡುತ್ತಾ ನಿಂತಿದ್ದೆ.

ನಿಂತಿದ್ದೆ ಅಂದೆನಲ್ಲ, ಅದೇ ನನ್ನ ಗೋಳು. ನನಗೆ ಕೂರೋಕೆ ಆಗುತ್ತಿಲ್ಲ. ಮದುವೆಯಾಗಿ ಬಂದಾಗಿನಿಂದ ಹೊಲಿಗೆ ಯಂತ್ರದ ಮುಂದೆ ಕೂತವಳು ನಾನು. ಈಗ ಕೂತರೆ ಸಾಕು, ಕೆಳಗೆ ಕೆಂಡ ಇಟ್ಟ ಹಾಗೆ. ಎದ್ದು ನಿಂತರೆ ನಿಧಾನವಾಗಿ ಆರುತ್ತದೆ. ಹೀಗೇ ವರ್ಷ ಕಳೆಯಿತು. ಊಟ ನಿಂತು, ಟೀವಿ ನಿಂತು, ಇದನ್ನು ಬರೆಯುತ್ತಿರುವುದೂ ಅಂಗಡಿಯ ಕಟಿಂಗ್ ಮೇಜಿನ ಮುಂದೆ ನಿಂತೇ. ಯಾರ ಹತ್ತಿರವೂ ಹೇಳಿಕೊಳ್ಳೋಕಾಗದ್ದನ್ನು ಕಾಗದಕ್ಕಾದರೂ ಹೇಳೋಣ ಅಂತ ಶುರು ಮಾಡಿದ್ದೀನಿ.

ಡಿಸ್ಕ್ ಸ್ವಲ್ಪ ಉಬ್ಬಿದೆಯಂತೆ. "ಈ ವಯಸ್ಸಿಗೆ ಇದೆಲ್ಲ ಇರೋದೇ ಕಣಮ್ಮ, ಸೊಂಟಕ್ಕೆ ಬೆಲ್ಟ್ ಹಾಕ್ಕೊಳ್ಳಿ" ಅಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನೋವು ಇರೋದು ಸೊಂಟದಲ್ಲಿ ಅಲ್ಲವೇ ಅಲ್ಲ. ಆದರೆ ಅವರನ್ನು ಬೈದು ಏನು ಪ್ರಯೋಜನ, ನಾನು ಹೇಳಿದ್ದೇ "ಸೊಂಟ ನೋವು ಡಾಕ್ಟ್ರೇ" ಅಂತ. ಅದಕ್ಕಿಂತ ಕೆಳಗೆ, ಆ ಜಾಗದಲ್ಲಿ ಅನ್ನೋಕೆ ಬಾಯಿ ಬರಬೇಕಲ್ಲ! ಪಕ್ಕದಲ್ಲಿ ನಮ್ಮ ಯಜಮಾನರು ಬೇರೆ ನಿಂತಿದ್ದರು.

ಸಂಜೆ ಮಗಳು ಫೋನ್ ಮಾಡಿದ್ದಳು. ಅವಳಿಗೆ ಈಗ ಐದು ತಿಂಗಳು. "ಅಮ್ಮಾ, ಮಗು ಹುಟ್ಟಿದ ತಕ್ಷಣ ಮೊದಲು ನಿನ್ನ ಮಡಿಲಿಗೇ ಹಾಕೋದು. ಬಾಕಿಯವರೆಲ್ಲ ಆಮೇಲೆ" ಅಂದಳು. "ಹೂಂ ಕಣೇ" ಅಂದೆ. ಫೋನ್ ಇಟ್ಟು ಕೆಳಗೆ ನೋಡಿಕೊಂಡೆ. ನಿಂತವಳಿಗೆ ಮಡಿಲು ಎಲ್ಲಿದೆ? ಕೂತರೆ ಬರುತ್ತೆ, ಎದ್ದರೆ ಹೋಗುತ್ತೆ. ಇಷ್ಟು ವರ್ಷ ಇದು ಹೊಳೆದೇ ಇರಲಿಲ್ಲ.

ಜನವರಿ ೧೯, ಭಾನುವಾರ

ಊರಿಗೆಲ್ಲ ಹೊಲಿದುಕೊಡುವವಳು ನನಗೊಂದು ದಿಂಬು ಹೊಲಿದುಕೊಳ್ಳಲಾರೆನಾ? ಹೊಲಿದೆ. ನಿಂತುಕೊಂಡೇ, ಒಂದು ಕಾಲಲ್ಲಿ ಪೆಡಲ್ ತುಳಿಯುತ್ತಾ. ದಪ್ಪ ಕಾಟನ್ ಬಟ್ಟೆ, ಅಂಚಿಗೆ ಎರಡೆರಡು ಹೊಲಿಗೆ, ಒಳಗೆ ಹೊಸ ಹತ್ತಿ. ನೋವಿರುವುದು ನಡುವೆ ತಾನೇ, ಅದಕ್ಕೇ ನಡುವಿಗೆ ಎರಡರಷ್ಟು ತುಂಬಿ ಗುಮ್ಮಟದ ಹಾಗೆ ಎತ್ತರಿಸಿದೆ. ಎಷ್ಟು ಚೆಂದ ಬಂದಿದೆ ಅಂದರೆ ಗಿರಾಕಿಗಳು ಬಂದವರು "ನಮಗೂ ಒಂದು" ಅಂತ ಕೇಳಬೇಕು.

ಇವರು ಶಾಲಾ ವ್ಯಾನು ಓಡಿಸುವವರು, ಮಕ್ಕಳ ಜೊತೆ ಇದ್ದು ಇದ್ದು ಬಾಯಿಗೂ ಮಕ್ಕಳ ಬುದ್ಧಿ. ನಾನು ಗೋಡೆಗೆ ಒರಗಿ ತಟ್ಟೆ ಹಿಡಿದು ಉಣ್ಣುತ್ತಿದ್ದರೆ, "ಕೂತು ಉಂಡ್ರೆ ಕುಡಿಕೆ ಹೊನ್ನು ಸಾಲದು ಅಂತಾರೆ. ನೀನು ನಿಂತು ಉಣ್ತಾ ಇದ್ದೀಯ, ನಾವಿನ್ನು ಕುಬೇರರೇ ಕಣೇ" ಅಂದರು. ನಗು ಬಂತು. ನಕ್ಕರೂ ನೋಯುತ್ತೆ, ಹಾಳಾದ್ದು.

ಫೆಬ್ರವರಿ ೨

ಜಾಸ್ತಿಯಾಗಿದೆ. ದಿಂಬು ಕುಗ್ಗಿದೆ ಅಂತ ಇನ್ನೊಂದಿಷ್ಟು ಹತ್ತಿ ತುಂಬಿದೆ.

ಫೆಬ್ರವರಿ ೯

ಮತ್ತೆ ತುಂಬಿದೆ. ಈಗ ಕಲ್ಲಿನ ಹಾಗಿದೆ. ಬೇಡ ಬಿಡು, ಇವತ್ತು ಬರೆಯೋಕೂ ಮನಸ್ಸಿಲ್ಲ.

ಫೆಬ್ರವರಿ ೨೭, ಗುರುವಾರ

ಮಗಳು ಹೆರಿಗೆಗೆ ಅಂತ ಬಂದಿದ್ದಾಳೆ. ಹೊಟ್ಟೆ ಮುಂದೆ, ಅವಳು ಹಿಂದೆ. ಅವಳ ಗಂಡನೇ ಕರೆತಂದು ಬಿಟ್ಟು ಹೋದ. ಹೋಗುವಾಗ ಅವಳಿಗಿಂತ ಅವನದ್ದೇ ಮುಖ ಸಣ್ಣಗಾಗಿತ್ತು, ಪಾಪ.

ಮಧ್ಯಾಹ್ನ ಅವಳು ಕುರ್ಚಿಯಲ್ಲಿ, ನಾನು ಬಾಗಿಲಿಗೆ ಒರಗಿ ಹರಟುತ್ತಿದ್ದೆವು. ಇದ್ದಕ್ಕಿದ್ದಂತೆ ಕೇಳಿದಳು, "ಅಮ್ಮ, ನಾನು ಬಂದಾಗಿಂದ ನೀನು ಕೂತಿದ್ದನ್ನೇ ನೋಡಿಲ್ವಲ್ಲ."

"ಸೊಂಟ ನೋವು ಕಣೇ."

"ಸೊಂಟ ನೋವಿರೋರು ಬಗ್ಗೋಕೆ ಕಷ್ಟಪಡ್ತಾರೆ. ನೀನು ಬಗ್ಗಿ ಸೂಜಿ ಹೆಕ್ತೀಯ. ಎಲ್ಲಿ ನೋವು, ಸರಿಯಾಗಿ ಹೇಳು."

ಹೊಟ್ಟೆಯಲ್ಲಿ ಹುಟ್ಟಿದವಳು, ನಾಳೆ ತಾನೇ ಹೆರುವವಳು, ಅವಳ ಮುಂದೆಯೂ ನನ್ನ ನಾಲಿಗೆ ಏಳಲಿಲ್ಲ. ಮೇಜಿನ ಮೇಲೆ ಹೈಸ್ಕೂಲು ಹುಡುಗನ ಯೂನಿಫಾರ್ಮ್ ಪ್ಯಾಂಟು ಬಿದ್ದಿತ್ತು. ಅದನ್ನು ಹರಡಿ, ಕಾಲಿನ ಒಳಹೊಲಿಗೆ ಎರಡು, ಮುಂದಿನದೊಂದು, ಹಿಂದಿನದೊಂದು, ನಾಲ್ಕೂ ಬಂದು ಸೇರುವ ಜಾಗದ ಮೇಲೆ ಬೆರಳಿಟ್ಟೆ. "ಇಲ್ಲಿ, ಒಂದು ವರ್ಷವಾಯ್ತು" ಅಂದೆ. ಅಷ್ಟಕ್ಕೇ ಬೆವರಿದೆ.

ಅವಳು ನಗಲಿಲ್ಲ. "ಒಂದು ವರ್ಷದಿಂದಾನಾ? ಯಾರಿಗೂ ಹೇಳದೇನಾ?" ಅಂದವಳ ಕಣ್ಣು ತುಂಬಿತು. ಆಮೇಲೆ ಬೈದಳು ನೋಡು! ನಾನು ಅವಳನ್ನು ಅಷ್ಟು ಬೈದಿಲ್ಲ ಹುಟ್ಟಿದಾಗಿನಿಂದ. ಬೈಸಿಕೊಂಡು ಹಗುರಾಯಿತು. ಮುಂದಿನ ವಾರ ನರದ ಡಾಕ್ಟರ ಹತ್ತಿರ ಹೋಗುವುದಂತೆ, ಹೇಳೋಕೆ ನಾಚಿಕೆಯಾದರೆ ಪ್ಯಾಂಟು ತಗೊಂಡು ಹೋಗುವುದಂತೆ.

ಮಾರ್ಚ್ ೬, ಗುರುವಾರ

ಇವತ್ತಿನದನ್ನು ಬಿಡದೆ ಬರೆಯಬೇಕು. ತಲೆಯಲ್ಲಿ ಇನ್ನೂ ಗುಂಯ್ ಅನ್ನುತ್ತಿದೆ.

ನರದ ಡಾಕ್ಟರಮ್ಮ ನನಗಿಂತ ಚಿಕ್ಕವರು, ತಲೆ ಮಾತ್ರ ಪೂರ್ತಿ ಬೆಳ್ಳಗೆ. ಒಳಗೆ ಹೋದ ತಕ್ಷಣ "ಕೂತ್ಕೊಳ್ಳಿ ಅಂತ ಹೇಳಲ್ಲ ನಾನು" ಅಂದರು. "ಹೊರಗೆ ಅಷ್ಟೊಂದು ಖಾಲಿ ಕುರ್ಚಿ ಇದ್ರೂ ನೀವು ಗೋಡೆಗೆ ಒರಗಿ ನಿಂತಿದ್ದನ್ನ ನೋಡ್ದೆ." ಹಾಗಂದು ತಾವೂ ಎದ್ದು ನಿಂತರು. ಇಬ್ಬರೂ ನಿಂತೇ ಮಾತಾಡಿದೆವು, ಬಸ್ ಸ್ಟಾಪಿನಲ್ಲಿ ಸಿಕ್ಕವರ ಹಾಗೆ.

ಪ್ಯಾಂಟು ಹರಡಿ ತೋರಿಸಿದೆ. ಅವರು ಕೇಳಿದ್ದು ಬೆರಳೆಣಿಕೆಯ ಪ್ರಶ್ನೆ.

"ನಿಂತ್ರೆ, ಮಲಗಿದ್ರೆ ಕಡಿಮೆ ಆಗುತ್ತಾ?"

"ಆಗುತ್ತೆ."

"ನೋವು ನಿದ್ದೆಯಿಂದ ಎಬ್ಬಿಸುತ್ತಾ?"

"ಇಲ್ಲ, ಮಲಗಿದ್ರೆ ಅದೂ ಮಲಗುತ್ತೆ."

"ಟಾಯ್ಲೆಟ್ ಕಮೋಡ್ ಮೇಲೆ ಕೂತಾಗ?"

ನಾನು ದಂಗಾಗಿಬಿಟ್ಟೆ. ಯಾಕೆ ಅಂದರೆ ಮನೆಯಲ್ಲಿ ನಾನು ನೆಮ್ಮದಿಯಾಗಿ ಕೂರೋದು ಅದೊಂದು ಕಡೆ! ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಗೆ ಹೇಳೋದು? ಒಳಗೆ ಬಾಗಿಲು ಹಾಕಿಕೊಂಡು ಕೂತು ದಿನಪತ್ರಿಕೆ ಓದುತ್ತೀನಿ, ಇವರು ಹೊರಗಿಂದ "ಏನೇ, ಅಲ್ಲೇ ಸಂಸಾರ ಹೂಡಿದ್ಯಾ?" ಅಂತ ಬಾಗಿಲು ಬಡಿಯುತ್ತಾರೆ. "ಅಲ್ಲಿ ನೋವೇ ಇರಲ್ಲ ಡಾಕ್ಟ್ರೇ, ನಿಮಗೆ ಹೇಗೆ ಗೊತ್ತು?" ಅಂದೆ.

"ಅದರ ನಡುವೆ ಏನೂ ಇಲ್ವಲ್ಲಮ್ಮ. ಭಾರ ಎರಡು ಪಕ್ಕದ ಮೂಳೆಗೆ ಹೋಗುತ್ತೆ, ನಡುವಿನ ಜಾಗ ಗಾಳಿಯಲ್ಲಿರುತ್ತೆ."

ಆಮೇಲೆ ನರ್ಸನ್ನು ಕರೆದು ನನ್ನನ್ನು ಮಲಗಿಸಿದರು. "ಒಳಗಿಂದ ಮುಟ್ಟಿ ನೋಡ್ಬೇಕು. ಬೇಡ ಅಂದ್ರೆ ಅಲ್ಲಿಗೇ ನಿಲ್ಲಿಸ್ತೀನಿ" ಅಂದರು. ಒಂದೇ ಬೆರಳು. ಎಲ್ಲೋ ಎಡಗಡೆ ಆಳದಲ್ಲಿ ಮೆಲ್ಲಗೆ ಒತ್ತಿದರು. ಅಯ್ಯೋ! ಅದೇ ಕೆಂಡ, ಅದೇ ಜಾಗ. "ಇದೇನಾ?" ಅಂದರು. "ಅದೇ, ಅದೇ" ಅಂತ ಅತ್ತುಬಿಟ್ಟೆ. ನೋವಿಗೆ ಅತ್ತಿದ್ದಲ್ಲ. ವರ್ಷವೆಲ್ಲ ನನ್ನೊಬ್ಬಳಿಗೇ ಗೊತ್ತಿದ್ದ ಜಾಗವನ್ನು ಇನ್ನೊಬ್ಬರು ಹೋಗಿ ಮುಟ್ಟಿದರಲ್ಲ, ಅದಕ್ಕೆ.

ಕಪಾಟಿನಿಂದ ಪ್ಲಾಸ್ಟಿಕ್ಕಿನ ಸೊಂಟದ ಮೂಳೆ ತೆಗೆದು ತೋರಿಸಿದರು. ಅದರಲ್ಲಿ ಒಂದು ಹಳದಿ ತಂತಿ. ಅದು ಬೆನ್ನಿನ ತಳದಲ್ಲಿ ಹುಟ್ಟಿ, ಮೂಳೆಯ ಒಂದು ಕಿಂಡಿಯಿಂದ ಹೊರಗೆ ಬಂದು, ಒಂದು ಚೂಪು ಮೂಳೆಯನ್ನು ಬಳಸಿ, ಇನ್ನೊಂದು ಕಿಂಡಿಯಿಂದ ಮತ್ತೆ ಒಳಗೆ ಹೋಗುತ್ತದೆ. ಮುಂಬಾಗಿಲಿಂದ ಹೊರಟು ಹಿತ್ತಲ ಬಾಗಿಲಿಂದ ವಾಪಸು ಬಂದ ಹಾಗೆ! ಆ ಚೂಪು ಮೂಳೆಯ ಹತ್ತಿರ ಎರಡು ಗಟ್ಟಿ ನಾರಿನ ಪಟ್ಟಿಗಳಿವೆ, ನಡುವೆ ನುಸುಳುವಾಗ ನನ್ನದು ಸಿಕ್ಕಿಕೊಂಡು ನಲುಗುತ್ತಿದೆಯಂತೆ. ಶೂ ಲೇಸಿಗಿಂತ ತೆಳ್ಳಗಿನ ನರ. ಒಂದಕ್ಕೆ, ಎರಡಕ್ಕೆ ಹಿಡಿದುಕೊಳ್ಳೋದು, ಬಿಡೋದು, ಗಂಡ ಹೆಂಡಿರ ಸುಖ, ಹೆರುವಾಗಿನ ಸಂಕಟ, ಎಲ್ಲದರ ಸುದ್ದಿಯೂ ಆ ಲೇಸಿನ ಮೇಲೇ ಓಡಾಡುತ್ತದಂತೆ. ನಾನು ಆ ಪ್ಲಾಸ್ಟಿಕ್ ಮೂಳೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ಇದನ್ನು ಹೊಲಿದವನ ಕೈಗೆ ಏನು ಹೇಳೋಣ! ಒಂದು ಮಗುವನ್ನು ಹೆತ್ತೆ, ಮೂರು ಹೊತ್ತು ಉಂಡು ಬದುಕಿದೆ, ಇದೊಂದು ಸದ್ದಿಲ್ಲದೆ ದುಡಿಯುತ್ತಿತ್ತು. ಕೆಟ್ಟಾಗಲೇ ನನಗೆ ಇದರ ಪರಿಚಯವಾಗಿದ್ದು.

"ಈ ನರದ ಹೆಸರಿಗೆ ಹಳೇ ಭಾಷೆಯಲ್ಲಿ 'ನಾಚಿಕೊಳ್ಳಬೇಕಾದ್ದು' ಅಂತ ಅರ್ಥ" ಅಂದರು ಡಾಕ್ಟರಮ್ಮ.

"ಹೆಸರಿಟ್ಟವನು ಗಂಡಸೇ ಇರ್ಬೇಕು" ಅಂದೆ.

"ಇರ್ಬಹುದು. ಆದ್ರೆ ಗಂಡಸ್ರಿಗೂ ಇರುತ್ತಮ್ಮ ಇದು. ಅವರೂ ನಾಚ್ಕೊಂಡು ಸೊಂಟ ನೋವು ಅಂತಲೇ ಬರ್ತಾರೆ."

ಕೊನೆಗೆ ನನ್ನ ಕಂಕುಳಲ್ಲಿದ್ದ ದಿಂಬು ಕಂಡಿತು ಅವರಿಗೆ. ಎಲ್ಲಿ ಹೋದರೂ ಒಯ್ಯುತ್ತೀನಲ್ಲ. ತಗೊಂಡು, ತಿರುಗಿಸಿ, ನಡುವೆ ಒತ್ತಿ ನೋಡಿದರು. "ಯಾರು ಹೊಲಿದಿದ್ದು?"

"ನಾನೇ" ಅಂದೆ, ಜಂಬದಿಂದ.

"ಕೈ ತುಂಬಾ ಚೆನ್ನಾಗಿದೆ" ಅಂದರು. ಆಮೇಲೆ ಅದನ್ನು ಪ್ಲಾಸ್ಟಿಕ್ ಮೂಳೆಯ ಕೆಳಗಿಟ್ಟರು. ಗುಮ್ಮಟ ನೆಟ್ಟಗೆ ಹೋಗಿ ಹಳದಿ ತಂತಿಯ ಬುಡಕ್ಕೇ ಒತ್ತಿಕೊಂಡಿತು. ನೋವಾದಷ್ಟೂ ತುಂಬಿದ್ದು, ತುಂಬಿದಷ್ಟೂ ನೋವಾಗಿದ್ದು. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡಿದ್ದೆ, ಅದೂ ಎರಡು ಹೊಲಿಗೆ ಹಾಕಿ, ಅಂಚು ಮಡಚಿ, ಚೆಂದ ಮಾಡಿ.

ಮಾರ್ಚ್ ೭

ದಿಂಬು ಬಿಚ್ಚಿದೆ. ಎಷ್ಟು ಹತ್ತಿ ಬಂತು ಅಂದರೆ ಮಗಳು "ಇದರಲ್ಲಿ ಮಗುಗೆ ಹಾಸಿಗೆ ಆಗುತ್ತಮ್ಮ" ಅಂದಳು. ಹಾಗೇ ಮಾಡುವುದು.

ಹೊಸದಕ್ಕೆ ದಪ್ಪ ಸ್ಪಂಜು ತರಿಸಿ, ಅಂಗಿಗೆ ಕತ್ತು ಕೊರೆಯುವ ಹಾಗೆ ನಡುವಿನಿಂದ ಹಿಂದಿನ ಅಂಚಿನವರೆಗೆ ಕೊರೆದೆ. ಸಾವಿರಾರು ಕತ್ತು ಕೊರೆದ ಕೈ ಇದು. ಕತ್ತು ಕೊರೆಯದಿದ್ದರೆ ಎಷ್ಟು ಒಳ್ಳೆ ಬಟ್ಟೆಯಾದರೂ ಅಂಗಿ ಆಗಲ್ಲ ಅಂತ ಕೆಲಸ ಕಲಿಯೋಕೆ ಬಂದ ಎಲ್ಲರಿಗೂ ಹೇಳಿಕೊಟ್ಟಿದ್ದೀನಿ. ನನ್ನ ದಿಂಬಿಗೆ ಮಾತ್ರ ಆ ಬುದ್ಧಿ ಓಡಲಿಲ್ಲ.

ಇದರ ಮೇಲೆ ಸ್ವಲ್ಪ ಹೊತ್ತು ಕೂರಬಹುದು. ಸ್ವಲ್ಪವೇ. ಆಮೇಲೆ ಅದೇ ಕೆಂಡ.

ಮಾರ್ಚ್ ೨೦, ಗುರುವಾರ

ಇವತ್ತು ನಾನು ಕೂತೆ!

ಬೋರಲು ಮಲಗಿಸಿ, ಸ್ಕ್ಯಾನ್ ಪರದೆಯಲ್ಲಿ ನೋಡುತ್ತಾ, ಉದ್ದನೆಯ ಸೂಜಿಯನ್ನು ಆ ಚೂಪು ಮೂಳೆಯ ಹತ್ತಿರ ಇಳಿಸಿದರು ಡಾಕ್ಟರಮ್ಮ. "ಇದು ಮರಗಟ್ಟಿಸೋ ಮದ್ದು. ಇದರಿಂದ ನೋವು ಹೋದ್ರೆ ಕಳ್ಳ ಇವನೇ ಅಂತ ಖಾತ್ರಿ ಆಗುತ್ತೆ" ಅಂದರು. ನಾನು ಪರದೆ ನೋಡಿದೆ. ಬೂದು ಬಣ್ಣದ ಮೋಡದ ಹಾಗೆ ಏನೋ, ಅದರೊಳಗೆ ಬೆಳ್ಳಿ ಗೆರೆಯ ಹಾಗೆ ಸೂಜಿ. ಸೂಜಿ ಹಿಡಿಯುವವಳು ನಾನೂ ಹೌದು, ಆದರೆ ನನ್ನದು ಬಟ್ಟೆ, ತಪ್ಪಿದರೆ ಬಿಚ್ಚಬಹುದು. ಅವರ ಕೈ ಒಂದು ಚೂರೂ ಅಲುಗಲಿಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮುಗಿಸಿದರು.

ಸ್ವಲ್ಪ ಹೊತ್ತಾದ ಮೇಲೆ ಕಬ್ಬಿಣದ ಕುರ್ಚಿ ತೋರಿಸಿ "ಕೂತ್ಕೊಳ್ಳಿ" ಅಂದರು. ದಿಂಬು ಬೇಡವಂತೆ. ಕಾದ ಕಲ್ಲಿನ ಮೇಲೆ ಕೂರುವವಳ ಹಾಗೆ ಮೆಲ್ಲಮೆಲ್ಲಗೆ ಇಳಿದೆ. ಕಾದೆ. ಏನೂ ಇಲ್ಲ. ಇನ್ನೂ ಕಾದೆ. ಏನೂ ಇಲ್ಲ! ಏನೂ ಇಲ್ಲ ಅನ್ನುವುದು ಇಷ್ಟು ದೊಡ್ಡದು ಅಂತ ನನಗೆ ಗೊತ್ತಿರಲಿಲ್ಲ. ಕೈ ಮುಗಿದೆ. ಅವರು "ನನಗಲ್ಲ, ಆ ನರಕ್ಕೆ ಮುಗೀರಿ" ಅಂತ ನಕ್ಕರು.

ಆಸ್ಪತ್ರೆಗೆ ಹೋಗುವಾಗ ವ್ಯಾನಿನ ಹಿಂದಿನ ಸೀಟಿನಲ್ಲಿ ಮಗ್ಗುಲಾಗಿ ಮಲಗಿ ಹೋಗಿದ್ದೆ. ವಾಪಸು ಬರುವಾಗ ಮುಂದೆ, ಇವರ ಪಕ್ಕ, ನೆಟ್ಟಗೆ ಕೂತೆ. ರಸ್ತೆ, ಅಂಗಡಿ, ಜನ, ಎಲ್ಲ ಕೂತ ಎತ್ತರದಿಂದ ನೋಡಿ ಎಷ್ಟು ಕಾಲವಾಗಿತ್ತು! ಇವರು ಆಗಾಗ ತಿರುಗಿ ನೋಡುತ್ತಿದ್ದರು. ನಮ್ಮ ಬೀದಿಯ ತಿರುವು ಬಂತು, ವ್ಯಾನು ತಿರುಗಲಿಲ್ಲ.

"ರೀ, ಮನೆ ದಾಟಿ ಹೋಯ್ತು."

"ಹೋಗ್ಲಿ ಬಿಡೇ, ಮನೆ ಎಲ್ಲಿ ಹೋಗುತ್ತೆ."

ಡೀಸೆಲ್ ಮುಗಿಯುವಷ್ಟು ಸುತ್ತಿಸಿದರು. ನಾನು ಬೇಡ ಅನ್ನಲಿಲ್ಲ.

ಮಾರ್ಚ್ ೨೧

ಬೆಳಿಗ್ಗೆ ಕಾಫಿಗೆ ಕೂತಾಗ ನೋವು ವಾಪಸು ಬಂತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಕಟಿಂಗ್ ಮೇಜಿನ ಕೆಳಗೆ ಮಲಗಿ ಅತ್ತೆ. ಮಗಳು ಬಗ್ಗಲಾರದೆ ಬಗ್ಗಿ ನೀರು ಕೊಟ್ಟಳು.

ಡಾಕ್ಟರಮ್ಮನಿಗೆ ಫೋನ್ ಮಾಡಿದರೆ, "ಬರುತ್ತೆ ಅಂತ ನನಗೆ ಗೊತ್ತಿತ್ತಮ್ಮ. ಆ ಮದ್ದು ಉಳಿಯೋದೇ ಅಷ್ಟು. ನಿನ್ನೆ ಕಳ್ಳನ ಮನೆ ಗೊತ್ತಾಯ್ತು, ಇನ್ನು ನಿಧಾನವಾಗಿ ಹಿಡಿಯೋದು" ಅಂದರು. ತಿಂಗಳುಗಟ್ಟಲೆ ಆಗಬಹುದಂತೆ. ಪೂರ್ತಿ ಹೋಗುತ್ತಾ ಅಂದೆ. ಭರವಸೆ ಕೊಡಲ್ಲ ಅಂದರು. ಮೇ ತಿಂಗಳಿಗೆ ಮಗು ಬರುತ್ತೆ ಡಾಕ್ಟ್ರೇ ಅಂದೆ. ಮಾತ್ರೆ ಶುರು ಮಾಡೋಣ, ನಾಳೆ ಬನ್ನಿ ಅಂದರು.

ಏಪ್ರಿಲ್ ೧೦, ಗುರುವಾರ

ಈಗ ಮಾತ್ರೆ, ಜೊತೆಗೆ ವಾರ ವಾರ ಒಬ್ಬಳು ವ್ಯಾಯಾಮದ ಹುಡುಗಿಯ ಹತ್ತಿರ ಹೋಗೋದು. ವ್ಯಾಯಾಮ ಅಂದರೆ ಕೈಕಾಲು ಬೀಸೋದು ಅಂದುಕೊಂಡಿದ್ದೆ. ಇವಳು ಮಲಗಿಸಿ, "ಕೆಳಗಿನ ಸ್ನಾಯು ಸಡಿಲ ಬಿಡಿ ಆಂಟಿ" ಅನ್ನುತ್ತಾಳೆ.

"ಬಿಟ್ಟಿದ್ದೀನಲ್ಲಮ್ಮ."

"ಇಲ್ಲ ಆಂಟಿ, ಮುಷ್ಟಿ ಹಿಡಿದ ಹಾಗೆ ಹಿಡಿದಿದ್ದೀರ."

ಸಿಟ್ಟು ಬಂತು. ನನ್ನ ಮೈ ನನಗೆ ಗೊತ್ತಿಲ್ವಾ? "ನೀನು ಹುಟ್ಟೋ ಮುಂಚೆಯಿಂದ ಈ ಮೈ ನನ್ನ ಹತ್ರ ಇದೆ" ಅಂದೆ. ಅವಳು ನಕ್ಕು, "ಸೂಜಿಗೆ ದಾರ ಪೋಣಿಸಿ ನೋಡೋಣ" ಅಂದಳು. ಬ್ಯಾಗಿನಿಂದ ತೆಗೆದು ಪೋಣಿಸಿದೆ. "ಈಗ ಉಸಿರು ಎಲ್ಲಿದೆ?" ಅಂದಳು. ಉಸಿರು ಕಟ್ಟಿ ನಿಂತಿತ್ತು. ಹಲ್ಲು ಕಚ್ಚಿದ್ದೆ. ಕೆಳಗೂ ಬಿಗಿ ಹಿಡಿದಿದ್ದೆ, ಹಗ್ಗಕ್ಕೆ ಗಂಟು ಹಾಕಿದ ಹಾಗೆ. ಮೂವತ್ತು ವರ್ಷ ಒಂದೊಂದು ಸಲ ದಾರ ಪೋಣಿಸುವಾಗಲೂ ಹೀಗೇ ಮಾಡಿದ್ದೀನಾ? ನನಗೇ ಗೊತ್ತಿಲ್ಲದೆ?

ಯಂತ್ರದಲ್ಲಿ ಮೇಲಿನ ದಾರ ಬಿಗಿಯಾದರೆ ಬಟ್ಟೆ ಸುಕ್ಕಾಗುತ್ತದೆ. ಬಟ್ಟೆ ಎಳೆದರೆ ಸರಿ ಹೋಗಲ್ಲ, ತಿರುಪು ಸಡಿಲಿಸಬೇಕು. ಹಾಗೆ ಅಂದುಕೊಂಡು ಉಸಿರು ಬಿಟ್ಟೆ. ಹೊಟ್ಟೆಯ ಕೆಳಗೆ ಎಲ್ಲೋ ಒಂದು ಕದ ತೆರೆದ ಹಾಗಾಯಿತು, ಒಂದೇ ಕ್ಷಣ. "ಹಾಂ! ಅದೇ ಆಂಟಿ!" ಅಂತ ಅವಳು ಚಪ್ಪಾಳೆ ತಟ್ಟಿದಳು. ನನ್ನೊಳಗೆ ಇನ್ನೂ ಎಷ್ಟು ಕೋಣೆಗಳಿವೆಯೋ, ಒಂದಕ್ಕೂ ಕಾಲಿಟ್ಟಿಲ್ಲ ನಾನು.

ಮೇ ೧೪, ಬುಧವಾರ

ಹೆಣ್ಣು. ತಲೆ ತುಂಬ ಕೂದಲು. ಮೂಗು ನಮ್ಮವರದ್ದು, ಪಾಪ.

ನಿನ್ನೆಯಿಂದ ನಡೆದಿದ್ದನ್ನು ಹೇಗೆ ಬರೆಯಲಿ! ಹೆರಿಗೆ ವಾರ್ಡಿನ ಹೊರಗೆ ನಿಂತಿದ್ದೆ. ಎಲ್ಲರೂ "ಕೂತ್ಕೊಳ್ಳಿ" ಅಂತಿದ್ದರು, ನನಗೆ ಈ ಒಂದು ಸಲ ನಿಲ್ಲೋದೇ ಬೇಕಾಗಿತ್ತು. ಮಗುವಿನ ತಲೆ ಕೆಳಗೆ ಬಂದು ನಿಂತುಬಿಟ್ಟಿತಂತೆ. ಎಳೆದು ತೆಗೆಯಬೇಕು ಅಂದರು. ನನ್ನ ಜೀವ ಬಾಯಿಗೆ ಬಂತು.

ಆಮೇಲೆ ಮಗಳು ಹೇಳಿದಳು. "ಅಮ್ಮ, ಕೆಳಗೆ ಒಳಗಿಂದ ಒಂದು ಇಂಜೆಕ್ಷನ್ ಕೊಟ್ರು. ಆಮೇಲೆ ಎಳೆದಿದ್ದು ಗೊತ್ತಾಯ್ತೇ ಹೊರತು ಉರಿ ಇರ್ಲಿಲ್ಲ, ಹೊಲಿಗೆ ಹಾಕಿದ್ದೂ ತಿಳೀಲಿಲ್ಲ." ನಾನು ಹೆರಿಗೆ ನರ್ಸನ್ನು ಹುಡುಕಿಕೊಂಡು ಹೋಗಿ ಕೇಳಿದೆ, ಎಲ್ಲಿಗೆ ಕೊಟ್ಟಿದ್ದು ಅಂತ. "ಅಲ್ಲೊಂದು ಚೂಪು ಮೂಳೆ ಇರುತ್ತೆ ಅಮ್ಮ, ಅದರ ಹತ್ತಿರ ಒಂದು ನರ..." ಅಂದಳು. ಮುಂದಕ್ಕೆ ನಾನೇ ಹೇಳಿದೆ. ಆ ಕಿಂಡಿ, ಈ ಕಿಂಡಿ, ನಾರಿನ ಪಟ್ಟಿ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು.

ಅದೇ ನರ! ನನ್ನನ್ನು ವರ್ಷವೆಲ್ಲ ನಿಲ್ಲಿಸಿದ್ದು, ನನ್ನ ಮಗಳನ್ನು ಸಲೀಸಾಗಿ ದಡ ಸೇರಿಸಿದ್ದು, ಎರಡೂ ಒಂದೇ ದಾರ. ಅವಳನ್ನು ನಾನು ಹೆತ್ತಾಗಲೂ ಅದೇ ಕೂಗಿದ್ದು. ಮೈ ಜುಮ್ಮೆಂದಿತು. ಇಷ್ಟು ದಿನ ಅದನ್ನು ಹಾಳಾದ್ದು, ಸುಡುಗಾಡು ಅಂತ ಬೈದಿದ್ದೀನಿ.

ಮಗಳು ಮಾತು ಉಳಿಸಿಕೊಂಡಿದ್ದಳು. ಮಗುವನ್ನು ಇನ್ನೂ ಯಾರ ಕೈಗೂ ಕೊಟ್ಟಿರಲಿಲ್ಲ, ಅವಳ ಗಂಡನ ಕೈಗೂ. "ಕೂತ್ಕೋ ಅಮ್ಮ" ಅಂದಳು. ಕುರ್ಚಿಯ ಮೇಲೆ ನನ್ನ ಕತ್ತು ಕೊರೆದ ದಿಂಬಿಟ್ಟು ಕೂತೆ. ಮಡಿಲಿಗೆ ಇಟ್ಟಳು. ಬೆಚ್ಚಗೆ, ಅಂಗೈಯಷ್ಟು ಮುಖ. ಕಣ್ಣು ತೆರೆಯಿತು, ಮುಚ್ಚಿತು. ಅಷ್ಟರಲ್ಲಿ ಕೆಂಡ ಎದ್ದಿತು. ಇಲ್ಲ, ಇವತ್ತು ಏಳಲ್ಲ ಅಂತ ಹಲ್ಲು ಕಚ್ಚಿದೆ. ಹಲ್ಲು ಕಚ್ಚಿದರೆ ಅಲ್ಲೂ ಬಿಗಿಯುತ್ತೆ, ಬಿಗಿದರೆ ಇನ್ನೂ ಉರಿಯುತ್ತೆ. ಕುರ್ಚಿಯ ತುದಿಗೆ ಸರಿದೆ. ಇವರು ನೋಡಿ ತಕ್ಷಣ ಬಂದು ಮಗುವನ್ನು ಎತ್ತಿಕೊಂಡರು. ನಾನು ಹೊರಗೆ ಹೋಗಿ ಕಿಟಕಿಗೆ ಹಣೆ ಇಟ್ಟು ಅತ್ತೆ.

ಮೇ ೧೬

ಇವತ್ತು ನಿಂತೇ ಎತ್ತಿಕೊಂಡು ಅಂಗಡಿಯೆಲ್ಲ ಸುತ್ತಿಸಿದೆ. ಗುಂಡು ಗುಂಡಗೆ ಇದ್ದಾಳೆ, ಗುಂಡಿ ಅಂತ ಕರೆಯುತ್ತಿದ್ದೀನಿ. ಒದ್ದೆ ಬಟ್ಟೆ ಬದಲಿಸುವಾಗ ನೋಡಿದೆ. ಈ ಪುಟ್ಟ ಸೊಂಟದ ಒಳಗೂ ಆ ನರ ಇರಬೇಕಲ್ಲ, ಕಾಜಾ ಹೊಲಿಯೋ ದಾರದಷ್ಟು! ಆಗಲೇ ಕೆಲಸ ಶುರು ಮಾಡಿದೆ, ದಿನಕ್ಕೆ ಎಷ್ಟು ಬಟ್ಟೆ ಒದ್ದೆ ಮಾಡುತ್ತಾಳೆ ಅಂದರೆ! ಚೆನ್ನಾಗಿರಪ್ಪ, ನೂರು ವರ್ಷ ಚೆನ್ನಾಗಿರು ಅಂತ ಆ ನರಕ್ಕೇ ಹೇಳಿದೆ.

ಜೂನ್ ೧೨, ಗುರುವಾರ

ಯೂನಿಫಾರ್ಮ್ ಕಾಲ, ಉಸಿರಾಡೋಕೆ ಪುರುಸೊತ್ತಿಲ್ಲ. ಅದರ ನಡುವೆ ಡಾಕ್ಟರಮ್ಮ ಇನ್ನೊಂದು ಸೂಜಿ ಹಾಕಿದರು, ಈ ಸಲ ಮರಗಟ್ಟಿಸುವುದರ ಜೊತೆ ಊತ ಇಳಿಸುವ ಮದ್ದೂ ಇತ್ತು. ವ್ಯಾಯಾಮದ ಹುಡುಗಿ ಹೇಳಿದ ಉಸಿರಾಟ ದಿನಾ ಮಾಡುತ್ತೀನಿ. ಗುಂಡಿಯನ್ನು ನೋಡಿ ಮಾಡುತ್ತೀನಿ, ಅವಳು ಉಸಿರಾಡಿದರೆ ಹೊಟ್ಟೆಯೆಲ್ಲ ಏಳುತ್ತೆ, ಇಳಿಯುತ್ತೆ. ಎಲ್ಲೂ ಬಿಗಿಯೇ ಇಲ್ಲ.

ಬೆಳಿಗ್ಗೆ ದಿಂಬಿನ ಮೇಲೆ ಸ್ವಲ್ಪ ಹೊತ್ತು ಕೂತು ಅಂಗಿಗಳಿಗೆ ಗುಂಡಿ ಹಾಕುತ್ತಿದ್ದೆ, ಟೀಚರಮ್ಮ ಬಂದರು. ಹಳೇ ಗಿರಾಕಿ, ಎದುರು ಸ್ಟೂಲ್ ತೋರಿಸಿದರೂ ಕೂರಲಿಲ್ಲ. "ಸೊಂಟ ನೋವು" ಅಂದರು. ನಾನು ಅವರ ಮುಖ ನೋಡಿದೆ. "ಸೊಂಟಾನಾ, ಅಥವಾ ಮುಂದೆ ಹಿಂದೆ ಎರಡರ ನಡುವಿನ ಜಾಗಾನಾ?" ಅಂತ ಕೇಳೇಬಿಟ್ಟೆ. ಅವರ ಮುಖ ಕೆಂಪಾಯಿತು. ಆಮೇಲೆ ಮೆಲ್ಲಗೆ ತಲೆಯಾಡಿಸಿದರು. "ಕಮೋಡ್ ಮೇಲ್ ಕೂತ್ರೆ?" ಅಂದೆ. ಕಣ್ಣು ಇಷ್ಟಗಲ ಮಾಡಿ "ನಿಮಗೆ ಹೇಗೆ ಗೊತ್ತು?" ಅಂದರು. ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ನರದ ಡಾಕ್ಟರಮ್ಮನ ವಿಳಾಸ ಕೊಟ್ಟೆ. ದಿಂಬಿಗೂ ಅಳತೆ ತಗೊಂಡೆ.

ಜೂನ್ ೨೯

ಇವತ್ತು ಕೆಟ್ಟ ದಿನ. ಪೂರ್ತಿ ನಿಂತೇ. ಇರುತ್ತೆ ಇಂಥವೂ ಅಂತ ಡಾಕ್ಟರಮ್ಮ ಹೇಳಿದ್ದರು.

ಜುಲೈ ೬, ಭಾನುವಾರ

ಈ ಮನೆಯಲ್ಲಿ ಒಂದು ಕೆಲಸ ನೆಟ್ಟಗೆ ಆಗಲ್ಲ. ಬೆಳಿಗ್ಗೆಯಿಂದ ಗುಂಡಿ ಒಂದೇ ರಾಗ. ಕೂತಲ್ಲಿ ಕೂರಿಸಲ್ಲ, ನಿಂತಲ್ಲಿ ನಿಲ್ಲಿಸಲ್ಲ. ಮಗಳು ಸ್ನಾನಕ್ಕೆ ಹೋಗುತ್ತೀನಿ ಅಂತ ನನ್ನ ಕೈಗೆ ತುರುಕಿ ಹೋದಳು. ಹಾಡಿದೆ, ತಟ್ಟಿದೆ, ಯಂತ್ರದ ಚಕ್ರ ತಿರುಗಿಸಿ ತೋರಿಸಿದೆ. ಆ ಚಕ್ರದ ಗರಗರ ಅವಳಿಗೆ ಹಿಡಿಸಿತು ನೋಡು, ಬಾಯಿ ಮುಚ್ಚಿದಳು. ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಾ ಒಂದು ಕೈಯಲ್ಲಿ ಬೆನ್ನು ತಟ್ಟುತ್ತಾ ಇದ್ದೆ, ನಿದ್ದೆ ಹೋದಳು. ಜೊಲ್ಲು ಸುರಿಸಿ ನನ್ನ ಬಟ್ಟೆಯೆಲ್ಲ ಒದ್ದೆ. ಬಾಯಿ ತೆರೆದುಕೊಂಡು ಮಲಗಿದರೆ ಥೇಟ್ ಅವರಜ್ಜನೇ.

ಆಗಿನಿಂದ ಒಂದು ಹೊಲಿಗೆ ಮುಂದೆ ಹೋಗಿಲ್ಲ. ಕತ್ತರಿ ಮೇಜಿನ ಆ ತುದಿಯಲ್ಲಿದೆ, ಕೈಗೆಟುಕಲ್ಲ. ಬೀದಿ ಬಾಗಿಲನ್ನು ಯಾರೋ ಬಡಿದು ಹೋದರು. ಹಾಗೇ ಯಂತ್ರದ ಹಲಗೆಯ ಮೇಲೆ ಈ ಪುಸ್ತಕವನ್ನಾದರೂ ಎಳೆದುಕೊಂಡು ಬರೆಯೋಣ ಅಂತ ಬರೆಯುತ್ತಿದ್ದೀನಿ. ಅಕ್ಷರ ಸೊಟ್ಟಗಾಗುತ್ತಿದೆ, ಒಂದೇ ಕೈ.

ಇವರು ಯಾವಾಗಲೋ ಬಂದು ಬಾಗಿಲಲ್ಲಿ ನಿಂತಿದ್ದಾರೆ. "ಏನ್ರೀ, ಆ ಕತ್ತರಿ ಕೊಡಿ" ಅಂತ ಸನ್ನೆ ಮಾಡಿದೆ. ಕೊಡಲಿಲ್ಲ. ಹೋಗಿ ಮಗಳನ್ನು ಕರೆದುಕೊಂಡು ಬಂದರು. ಅವಳು ತಲೆಗೆ ಟವೆಲ್ ಸುತ್ತಿಕೊಂಡೇ ಬಂದಳು. ಈಗ ಇಬ್ಬರೂ ನಿಂತು ನನ್ನನ್ನೇ ನೋಡುತ್ತಿದ್ದಾರೆ. ಮಗಳು ಟವೆಲ್ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಾಳೆ, ಇವರ ಮೂಗು ಕೆಂಪಗಾಗಿದೆ. ಏನಾಯಿತು ಇವರಿಗೆ? ಶ್ಶ್ ಅಂದೆ, ಎಬ್ಬಿಸಬೇಡಿ ಅಂತ.

ನಿಂತವರಿಗೇನು, ಆರಾಮ. ನನಗೋ ಎಡಗಾಲು ಜೋಮು ಹಿಡಿದು ಇರುವೆ ಹರಿದ ಹಾಗಾಗುತ್ತಿದೆ. ಎದ್ದು ಕಾಲು ಝಾಡಿಸೋಣ ಅಂದರೆ ಮಡಿಲ ತುಂಬ ಇವಳು. ಎದ್ದರೆ ಎಚ್ಚರವಾಗುತ್ತಾಳೆ. ಇರಲಿ, ಏಳುವವರೆಗೆ ಹೀಗೇ ಕೂತಿರುತ್ತೀನಿ.